ತುಂಬಿದ ಬಾಟಲಿ ಮನೆಗೆ ವಾಪಸು ಬರುತ್ತಿದೆಯಾ?

ಉಡುಪಿ, ಮಾರ್ಚ್ ತಿಂಗಳು

ಆತ್ಮೀಯ ಪೋಷಕರೇ, ನಮಸ್ಕಾರ.

ಕಳೆದ ವಾರ ಐದನೇ ತರಗತಿಯ ಹುಡುಗಿಯೊಬ್ಬಳು ಮೂರನೇ ಪಿರಿಯಡ್‌ನಲ್ಲಿ ತಲೆ ಸುತ್ತುತ್ತದೆ ಎಂದು ಡೆಸ್ಕಿಗೆ ತಲೆ ಇಟ್ಟಳು. ಆಫೀಸಿಗೆ ಕರೆದುಕೊಂಡು ಬಂದು ಫ್ಯಾನಿನ ಅಡಿಯಲ್ಲಿ ಕೂರಿಸಿದೆ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದರೆ ಕಂಠದವರೆಗೂ ತುಂಬಿದೆ. ಬೆಳಗ್ಗೆ ಅಮ್ಮ ಹೇಗೆ ಕೊಟ್ಟಿದ್ದರೋ ಹಾಗೇ. ಯಾಕೆ ಮಗಾ ಕುಡಿಯಲಿಲ್ಲ ಎಂದು ಕೇಳಿದೆ. ಮೊದಲು ಮಾತೇ ಇಲ್ಲ. ಆಮೇಲೆ ಮೆಲ್ಲ ಹೇಳಿದಳು, "ಕುಡಿದ್ರೆ ಟಾಯ್ಲೆಟಿಗೆ ಹೋಗ್ಬೇಕಲ್ಲ ಟೀಚರ್. ಅಲ್ಲಿ ಚಿಲಕ ಇಲ್ಲ."

ತಪ್ಪು ನಮ್ಮದೇ. ಮರುದಿನವೇ ಚಿಲಕ ಹಾಕಿಸಿದೆವು, ಬಕೆಟ್ಟೂ ಹೊಸತು ಇಟ್ಟೆವು. ಆದರೆ ಆ ಸಂಜೆ ಸಂಶಯ ಬಂದು ಉಳಿದ ತರಗತಿಗಳಲ್ಲೂ ಬಾಟಲಿ ಎತ್ತಿ ನೋಡಿದೆ. ಎಷ್ಟೋ ಬಾಟಲಿಗಳು ಭಾರವಾಗಿಯೇ ಇದ್ದವು, ಅದರಲ್ಲೂ ಹೆಣ್ಣುಮಕ್ಕಳದ್ದು. ಹೀಗೆ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಕೂತರೆ ಉರಿಮೂತ್ರ ಬರಲು ಹೆಚ್ಚು ದಿನ ಬೇಡ. ಹಾಗಾಗಿ ಈಗ ದಿನಕ್ಕೆ 3 ಸಲ ನೀರಿನ ಗಂಟೆ ಹೊಡೆಯುತ್ತೇವೆ. ಗಂಟೆ ಆದ ಕೂಡಲೇ ಟೀಚರೂ ಸೇರಿ ಎಲ್ಲರೂ ಕುಡಿಯಬೇಕು. ನೀವು ಒಂದು ಕೆಲಸ ಮಾಡಿ. ಸಂಜೆ ಮಾರ್ಕು ಕೇಳುವ ಮೊದಲು ಬಾಟಲಿ ಎತ್ತಿ ನೋಡಿ. ಭಾರವಿದ್ದರೆ ಬೈಯಬೇಡಿ, ಕಾರಣ ಕೇಳಿ. ಮೂತ್ರದ ಬಣ್ಣ ಗಾಢ ಹಳದಿ ಆಗಿದ್ದರೆ ನೀರು ಸಾಲುತ್ತಿಲ್ಲ ಎಂದು ಮಕ್ಕಳಿಗೇ ಹೇಳಿಕೊಡಿ.

ನಮ್ಮ ಕರಾವಳಿಯದ್ದು ಬಿಸಿಲಿಗಿಂತ ಸೆಕೆಯ ಕಷ್ಟ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ಇಲ್ಲಿ ಗಾಳಿಯಲ್ಲೇ ಅಷ್ಟು ನೀರಿರುವಾಗ ಬೆವರು ಆರುವುದು ಎಲ್ಲಿಂದ? ಸುಮ್ನೆ ಸುರಿಯುತ್ತದೆ, ಮೈಯ ನೀರೂ ಉಪ್ಪೂ ಹೋಗುತ್ತವೆ, ಮೈ ಮಾತ್ರ ಬಿಸಿಯೇ. ಘಟ್ಟದ ಮೇಲೆ ನಮಗಿಂತ ಜಾಸ್ತಿ ಬಿಸಿಲಿದ್ದರೂ ನಮ್ಮ ಮಕ್ಕಳು ಇಲ್ಲಿ ಹೆಚ್ಚು ಬಾಡುವುದು ಇದಕ್ಕೇ.

ಹೋದ ಉಪ್ಪು, ನೀರು ಎರಡನ್ನೂ ತುಂಬಿಕೊಡುವ ಊಟ ನಮ್ಮಲ್ಲಿ ಮೊದಲಿಂದಲೂ ಇದೆ. ಕುಚ್ಚಲಕ್ಕಿ ಗಂಜಿ, ಒಂದು ಚಿಟಿಕೆ ಉಪ್ಪು, ಹೆಸರುಕಾಳಿನ ಪಲ್ಯ, ಮೂಲೆಯಲ್ಲಿ ಉಪ್ಪಿನಕಾಯಿ. ಈಗಿನ ಮಕ್ಕಳು ಗಂಜಿ ಅಂದರೆ ಜ್ವರದವರ ಊಟ ಅನ್ನುತ್ತಾರೆ. ಅದಕ್ಕೆ ನಾವೂ ಸ್ವಲ್ಪ ಕಾರಣ, ಅಲ್ವಾ? ಜ್ವರ ಬಂದಾಗ ಮಾತ್ರ ಬಡಿಸಿದ್ದೇವೆ. ರಾತ್ರಿ ಗಂಜಿ ಉಂಡರೆ ಹೊಟ್ಟೆ ಹಗುರ, ನಿದ್ದೆಯೂ ಚೆನ್ನಾಗಿ ಬರುತ್ತದೆ. ಮಧ್ಯಾಹ್ನಕ್ಕೆ ಒಂದೆಲಗದ ತಂಬುಳಿ ಅಥವಾ ಮಜ್ಜಿಗೆ ಇರಲಿ. ಪುನರ್ಪುಳಿಯ (ಕೋಕಂ) ಒಣ ಸಿಪ್ಪೆ ಮನೆಯಲ್ಲಿದ್ದರೆ ರಾತ್ರಿ ನೆನೆಹಾಕಿ, ಬೆಳಗ್ಗೆ ಬೆಲ್ಲ ಕದಡಿದರೆ ಶರಬತ್ತು ಆಯಿತು. ಬೊಂಡ (ಎಳನೀರು), ಬಚ್ಚಂಗಾಯಿ (ಕಲ್ಲಂಗಡಿ) ಸಿಕ್ಕಿದಾಗ ಕೊಡಿ. ಐಸ್‌ಕ್ಯಾಂಡಿ ಬೇಡವೇ ಬೇಡ ಎಂದರೆ ನನ್ನ ಮಾತು ಯಾರೂ ಕೇಳುವುದಿಲ್ಲ, ಗೊತ್ತು. ಆದರೆ ಯಾವ ನೀರಿನಲ್ಲಿ ಮಾಡಿದ್ದೆಂದು ತಿಳಿಯದ್ದನ್ನು ರಸ್ತೆ ಬದಿಯಲ್ಲಿ ತೆಗೆದುಕೊಡಬೇಡಿ.

ಬಾವಿ ಬತ್ತುವ, ನಳ್ಳಿ ನೀರು ದಿನ ಬಿಟ್ಟು ದಿನ ಬರುವ ಕಾಲ ಇದು. ಟ್ಯಾಂಕರ್ ನೀರನ್ನು ಕುದಿಸದೆ ಕುಡಿಸಬೇಡಿ. ಭೇದಿ ಶುರುವಾದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಆಗಾಗ ಕುಡಿಸಿ, ಡಾಕ್ಟರಿಗೂ ತೋರಿಸಿ. ಬಿಸಿಲಿಗೆ ಹೋಗಿ ಬಂದ ಮಗು ಮೈ ಸುಡುತ್ತಾ ಏನೇನೋ ಮಾತಾಡಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಮೈ ಒದ್ದೆ ಮಾಡಿ, ಗಾಳಿ ಹಾಕುತ್ತಾ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ನಿದ್ದೆ. ಈ ವಯಸ್ಸಿನ ಮಕ್ಕಳಿಗೆ ಕಡಿಮೆಯೆಂದರೂ 9 ಗಂಟೆ ನಿದ್ದೆ ಬೇಕು. ಬೆಳಗ್ಗೆ ಆರೂವರೆಗೆ ಏಳಬೇಕಾದರೆ ರಾತ್ರಿ ಒಂಬತ್ತೂವರೆಗೆ ಕಣ್ಣು ಮುಚ್ಚಿರಬೇಕು. ಐಪಿಎಲ್ ಪಂದ್ಯ ಶುರುವಾಗುವುದೇ ಏಳೂವರೆಗೆ, ಮುಗಿಯುವಾಗ ಹನ್ನೊಂದು ದಾಟುತ್ತದೆ. ಅಪ್ಪ ಟಿವಿ ಮುಂದೆ ಕೂತು ಮಗನಿಗೆ ಮಲಗು ಎಂದರೆ ಅವನು ಮಲಗುತ್ತಾನಾ? ಯಕ್ಷಗಾನದ ಆಟ, ಭೂತಕೋಲ, ಜಾತ್ರೆಗಳಿಗೆ ಮಾತ್ರ ನಾನು ಅಡ್ಡ ಬರುವುದಿಲ್ಲ. ನಾನೂ ವೇಷ ಕಟ್ಟುವ ಚೌಕಿಯ ಪಕ್ಕ ಚಾಪೆ ಹಾಸಿ ಮಲಗಿ, ಮಹಿಷಾಸುರ ಬರುವಾಗ ಎಬ್ಬಿಸಿ ಎಂದು ಅಜ್ಜನಿಗೆ ಹೇಳಿದವಳೇ. ಆಟ, ಕೋಲಗಳು ಆ ವರ್ಷಕ್ಕೆ ಮುಗಿಯುವ ಪತ್ತನಾಜೆಯವರೆಗೆ ಸಮಯ ಇದೆ. ಶನಿವಾರ ರಾತ್ರಿಯದ್ದಕ್ಕೆ ಕರೆದುಕೊಂಡು ಹೋಗಿ, ಪರೀಕ್ಷೆಯ ಹಿಂದಿನ ರಾತ್ರಿ ಬೇಡ.

ತಾರಸಿ ಮನೆಯವರಿಗೆ ಒಂದು ಮಾತು. ಕಾಂಕ್ರೀಟು ಹಗಲಿಡೀ ಕುಡಿದ ಬಿಸಿಯನ್ನು ರಾತ್ರಿ ಉಗುಳುತ್ತದೆ. ಮೇಲಿನ ರೂಮಿನಲ್ಲಿ ಫ್ಯಾನ್ ಹಾಕಿದರೂ ಅದೇ ಬಿಸಿಗಾಳಿ ಸುತ್ತುತ್ತದೆ. ಈ 2 ತಿಂಗಳು ಮಕ್ಕಳನ್ನು ಕೆಳಗಿನ ಚಾವಡಿಯಲ್ಲಿ ನೆಲಕ್ಕೆ ಚಾಪೆ ಹಾಸಿ ಮಲಗಿಸಿ. ಮಲಗುವ ಮೊದಲು ಒಂದು ಸ್ನಾನ ಮಾಡಿಸಿ, ಹತ್ತಿಯ ಅಂಗಿ ಹಾಕಿ. ಕಿಟಕಿ ತೆರೆದಿರಲಿ, ಸೊಳ್ಳೆಪರದೆ ಮರೆಯಬೇಡಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಇರಲಿ, ನಿಮ್ಮದೂ ಸೇರಿ.

ಬೆಳಗ್ಗೆ ಸೆಕೆಗೆ ಏನೂ ಸೇರುವುದಿಲ್ಲ ಎಂದು ಖಾಲಿ ಹೊಟ್ಟೆಯಲ್ಲಿ ಬರುವವರೂ ಇದ್ದಾರೆ. ಎರಡು ನೀರುದೋಸೆಯಾದರೂ ತಿಂದು ಬರಲಿ.

ಕೊನೆಗೆ ಒಂದು ಕೋರಿಕೆ. ನಿಮ್ಮ ಅಟ್ಟದಲ್ಲಿ ಒಡೆಯದ ಹಳೆಯ ಮಣ್ಣಿನ ಹೂಜಿ ಇದ್ದರೆ ಶಾಲೆಗೆ ಕಳಿಸಿ. ಈ ಸೆಕೆಯಲ್ಲಿ ಹೂಜಿಯ ನೀರೂ ಘಟ್ಟದ ಮೇಲಿನಷ್ಟು ತಣ್ಣಗಾಗುವುದಿಲ್ಲ, ಬೆವರಿನ ಕಥೆಯೇ ಅದಕ್ಕೂ. ಆದರೂ ಹೂಜಿಯಿಂದ ಬಗ್ಗಿಸಿ ಕುಡಿಯುವುದೆಂದರೆ ಮಕ್ಕಳು ಸಾಲು ನಿಲ್ಲುತ್ತಾರೆ. ನಮಗೆ ಬೇಕಾದದ್ದು ಅಷ್ಟೇ. ಈಗ ಒಂದೇ ಹೂಜಿ ಇದೆ, ಇನ್ನು 4 ಬೇಕು.

ಇತಿ ನಿಮ್ಮ,
ಮುಖ್ಯ ಶಿಕ್ಷಕಿ