ಮಗಳಿಗೊಂದು ಪತ್ರ: ಹನ್ನೊಂದು ಗೋಡೆಗಳು

ಪೆರ್ಲ,
ಆಟಿ ತಿಂಗಳ ಮೊದಲ ವಾರ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ತಲೆಯಿಂದ ಇಳಿಯುತ್ತಿಲ್ಲ. ಗೆಳತಿಯರ ಜೊತೆ ಸೇರಿ ಬಾಡಿಗೆಗೆ ಹಿಡಿದ ಸ್ಟುಡಿಯೋ ಬಿಟ್ಟು, ಒಬ್ಬಳೇ ಕೋಣೆಯಲ್ಲಿ ಕುಳಿತು ಚಿತ್ರ ಬರೆಯುತ್ತೇನೆ ಎಂದೆ. ಬಣ್ಣ ಆರುವ ಮೊದಲೇ ಯಾರಾದರೂ ಬಂದು ಬೆನ್ನ ಹಿಂದೆ ನಿಲ್ಲುತ್ತಾರೆ, ಏನಾದರೊಂದು ಹೇಳುತ್ತಾರೆ, ಆಮೇಲೆ ಕೈ ಓಡುವುದಿಲ್ಲ ಎಂದೆ. ನನಗೆ ಆಗ ಉತ್ತರ ಹೊಳೆಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಮಳೆ ಹನಿ ಕಡಿದಿಲ್ಲ. ಪತ್ತಾಯದ ಕೋಣೆಯ ಬಾಗಿಲು ಉಬ್ಬಿಕೊಂಡು, ಭುಜ ಕೊಟ್ಟು ತಳ್ಳಿದರೆ ಮಾತ್ರ ತೆರೆಯುತ್ತದೆ. ಹೋದ ತಿಂಗಳು ಶುರು ಮಾಡಿದ ಎಣ್ಣೆಬಣ್ಣದ ಚಿತ್ರ ಇನ್ನೂ ಬೆರಳಿಗೆ ಅಂಟುತ್ತಿದೆ. ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಆರುವುದಲ್ಲ, ಗಾಳಿಯ ಆಮ್ಲಜನಕವನ್ನು ಹಿಡಿದು ಗಟ್ಟಿಯಾಗುವುದು. ಈ ತೇವದಲ್ಲಿ ಅದು ನಿಧಾನ. ಹಾಗಾಗಿ ಈಗ ಜಲವರ್ಣವೇ ಗತಿ. 300 ಜಿಎಸ್‌ಎಂನ ದಪ್ಪ ಕಾಗದ ಕೂಡ ಡಬ್ಬಿ ಮುಚ್ಚಲು ಮರೆತ ಹಪ್ಪಳದಂತೆ ಮೆತ್ತಗಾಗುತ್ತದೆ. ಬಚ್ಚಲೊಲೆಯ ಗೋಡೆಯ ಆಚೆಬದಿ ಬೆಚ್ಚಗಿರುತ್ತದೆಯಲ್ಲ, ಕಾಗದದ ಕಟ್ಟನ್ನು ಅಲ್ಲಿ ಇಟ್ಟಿದ್ದೇನೆ. ಅಮ್ಮ ತನ್ನ ಸಾಂಬಾರಪುಡಿಯ ಡಬ್ಬಿಗಳನ್ನು ಸರಿಸಿ ಜಾಗ ಮಾಡಿಕೊಟ್ಟಳು.

ನಿನಗೆ ಇದುವರೆಗೆ ಹೇಳದ ಒಂದು ಸಂಗತಿ ಇದೆ. ನೀನು ಹುಟ್ಟುವ ಮೊದಲಿನದು. ಭಾನುವಾರ ಹೊರಗೆ ಕುಳಿತು ಚಿತ್ರ ಬರೆಯಲು ಹೋಗುವ ನಮ್ಮ ಗುಂಪಿನಲ್ಲಿ ಆಗ ಆರು ಜನ. ಡ್ರಾಯಿಂಗ್ ಮಾಸ್ತರರು ಹಿರಿಯರು. ಇಬ್ಬರು ಅಂಗಡಿಗಳ ಬೋರ್ಡ್ ಬರೆಯುವವರು. ಒಬ್ಬರು ಕಾಞಂಗಾಡಿನ ಹೊಸದುರ್ಗದಿಂದ ಬಸ್ಸು ಹಿಡಿದು ಬರುವವರು, ಅವರ ಮಾತೆಲ್ಲ ಮಲಯಾಳ. ಒಂದು ಭಾನುವಾರ ಬೇಕಲ ಕೋಟೆಗೆ ಹೋಗಿದ್ದೆವು. ಶಿವಪ್ಪ ನಾಯಕನ ಕಾಲದ ಆ ಮುರಕಲ್ಲಿನ ಗೋಡೆಯನ್ನು ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಬರೆದೆ. ಚೆನ್ನಾಗಿ ಬಂದಿದೆ ಎಂದೇ ನಂಬಿದ್ದೆ. ಮಾಸ್ತರರು ಬಂದು ನೋಡಿ, ಎಲ್ಲರ ಎದುರಿಗೆ, "ಇದು ಇಟ್ಟಿಗೆ. ಮುರಕಲ್ಲು ಎಲ್ಲಿ?" ಎಂದರು. ಅಷ್ಟೇ.

ನಾನು ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಒಂದು ವರ್ಷ ಯಾರಿಗೂ ತೋರಿಸದೆ ಒಬ್ಬನೇ ಬರೆದೆ. ಕೋಟೆ, ಹಳೆಯ ಮನೆಗಳ ಪಾಗಾರ, ನಮ್ಮದೇ ಬಾವಿಕಟ್ಟೆ, ಎಲ್ಲ ಸೇರಿ ಹನ್ನೊಂದು ಚಿತ್ರ. ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಮಳೆಗಾಲ ಕಳೆದು ತೆರೆದರೆ ಎಲ್ಲದರ ಮೇಲೂ ಬೂಸ್ಟು. ಆಕಾಶದ ತುಂಬ ಕಂದು ಚುಕ್ಕೆಗಳು. ಬಿಸಿಲಿಗೆ ಇಡೋಣವೆಂದು ಅಂಗಳದಲ್ಲಿ ಸಾಲಾಗಿ ಹರಡಿದೆ. ಆಗ ಕಂಡಿತು ಮಗಳೇ, ಬೂಸ್ಟಿಗಿಂತ ದೊಡ್ಡ ಕೇಡು. ಹನ್ನೊಂದರಲ್ಲೂ ಅದೇ ಗೋಡೆ. ಅದೇ ಇಟ್ಟಿಗೆ. ಹೇಳುವವರಿಲ್ಲದೆ ಒಂದೇ ತಪ್ಪನ್ನು ಹನ್ನೊಂದು ಸಲ ಮಾಡಿದ್ದೆ, ಪ್ರತಿ ಸಲವೂ ಇನ್ನಷ್ಟು ಶ್ರದ್ಧೆಯಿಂದ.

ಮರುದಿನವೇ ಮಾಸ್ತರರ ಮನೆಗೆ ಹೋದೆ. ಅವರು ಏನೂ ಕೇಳಲಿಲ್ಲ, ಚಹಾ ಕೊಟ್ಟರು. ಆಮೇಲೆ ನನ್ನ ಜೊತೆಯೇ ಹೊರಟು ಬಂದು, ನಮ್ಮ ಮನೆಯ ಹಿಂದಿನ ಸುರಂಗದ ಬಾಯಿಯಲ್ಲಿ ಕುಳಿತರು. ಅಜ್ಜನ ಕಾಲದಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ತೋಡಿದಾಗ ಹೊರಗೆ ಹಾಕಿದ ಮಣ್ಣಿನ ದಿಬ್ಬ ಈಗಲೂ ಇದೆಯಲ್ಲ, ಅದನ್ನು ಕೈಯಿಂದ ಕೆದಕಿ ತೋರಿಸಿದರು. ಮೇಲೆ ಕೆಂಪು, ಅದರೊಳಗೆ ಅರಸಿನದಂಥ ಹಳದಿ, ಒಳಗಿನಿಂದ ಬಂದದ್ದು ಸೇಡಿಮಣ್ಣಿನ ಬಿಳುಪು. ಗಾಳಿ ಮಳೆ ತಾಗಿದ ಕಲ್ಲಿನ ಮೈಯೆಲ್ಲ ಕಪ್ಪು. ಮುರಕಲ್ಲು ಒಂದು ಬಣ್ಣವೇ ಅಲ್ಲ. ತೂತುಗಳ ಗುಂಪು, ಒಂದೊಂದು ತೂತಿನಲ್ಲೂ ಬೇರೆ ನೆರಳು. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಬುಕಾನನ್, 1807ರಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಅರ್ಥ ಇಟ್ಟಿಗೆ ಎಂದೇ. ಮೆತ್ತಗಿರುವಾಗ ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗಿ ಇಟ್ಟಿಗೆಯಂತೆ ಬಳಕೆಗೆ ಬರುತ್ತದೆ, ನಿಜ. ಆದರೆ ಕಣ್ಣಿಗೆ ಅದು ಇಟ್ಟಿಗೆಯಲ್ಲ.

ಅಂದಿನಿಂದ ಕೆಂಪನ್ನು ನಾನೇ ಮಾಡಿಕೊಳ್ಳುತ್ತೇನೆ. ಮಣ್ಣನ್ನು ಕುಟ್ಟಿ ಬಕೆಟಿನಲ್ಲಿ ಕದಡಿ, ಮರಳು ತಳಕ್ಕೆ ಇಳಿಯುವಷ್ಟು ಹೊತ್ತು ಬಿಟ್ಟು, ಮೇಲಿನ ಕೆಂಪು ನೀರನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಬೇಕು. ರಾತ್ರಿ ಕಳೆದರೆ ಬಣ್ಣ ಕೆಳಗೆ ಕೂರುತ್ತದೆ. ತಿಳಿನೀರು ಚೆಲ್ಲಿ, ಕೆಸರನ್ನು ಹಂಚಿನ ಮೇಲೆ ಒಣಗಿಸಿ, ಗೋಂದಿನ ನೀರು, ಒಂದು ತೊಟ್ಟು ಜೇನು ಹಾಕಿ ಗಾಜಿನ ಮೇಲೆ ಅರೆಯಬೇಕು. ಮೊದಮೊದಲು ಕರಕರ ಎನ್ನುತ್ತದೆ. ಆ ಸದ್ದು ನಿಂತಾಗ ಬಣ್ಣ ಸಿದ್ಧ. ಕಬ್ಬಿಣದ ಅಂಶದಿಂದ ಬಂದ ಕೆಂಪು, ಬಿಸಿಲಿಗೆ ಮಾಸುವುದಿಲ್ಲ.

ಬೇರೆಯವರ ಕಣ್ಣು ಬಿದ್ದರೆ ನಿನ್ನ ಚಿತ್ರ ಅವರದರಂತೆ ಆಗುತ್ತದೆ ಎಂಬ ಹೆದರಿಕೆಯೂ ನಿನ್ನ ಮಾತಿನಲ್ಲಿತ್ತು. ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರ ಮಗಳು ರೇಖಾ ರಾವ್ ಅವರನ್ನು ನೋಡು. ತಂದೆಯದು ಹಾಡುವಂಥ ಗೆರೆ. ಅಂಥ ತಂದೆಯ ಮಗಳಾಗಿ, ಹೆಸರಿನಲ್ಲೇ ಗೆರೆ ಇದ್ದೂ, ಅವರು ಹಿಡಿದದ್ದು ಅಮೂರ್ತ ಚಿತ್ರದ ದಾರಿ.

ಹಾಗೆಂದು ಎಲ್ಲರೂ ಹೇಳಿದ್ದನ್ನೆಲ್ಲ ಕೇಳಬೇಕಿಲ್ಲ. ಕೊಚ್ಚಿಯಲ್ಲಿ 2012ರ ಡಿಸೆಂಬರ್‌ನಲ್ಲಿ ಮೊದಲ ಬಿನಾಲೆ, ಎರಡು ವರ್ಷಕ್ಕೊಮ್ಮೆಯ ಆ ಕಲಾಪ್ರದರ್ಶನ, ಶುರುವಾದಾಗ ನಮ್ಮ ಗುಂಪು ರೈಲು ಹತ್ತಿ ಹೋಗಿತ್ತು. ಆಸ್ಪಿನ್‌ವಾಲ್ ಹೌಸಿನ ಆ ದೊಡ್ಡ ಗೋದಾಮುಗಳಲ್ಲಿ ದಿನವಿಡೀ ತಿರುಗಿದೆವು. ವಾಪಸು ಬರುವಾಗ ಕಾಸರಗೋಡು ಬರುವ ತನಕ ಜಗಳ, ಅರ್ಧ ಕನ್ನಡ, ಅರ್ಧ ಮಲಯಾಳ, ಸಿಟ್ಟು ಬಂದವರಿಗೆ ತುಳು. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸಲಿಲ್ಲ. ಆದರೂ ಮುಂದಿನ ಭಾನುವಾರ ಚಂದ್ರಗಿರಿ ಹೊಳೆಯ ಬದಿಯಲ್ಲಿ ಎಲ್ಲರೂ ಇದ್ದರು.

ಒಂದು ಕೆಲಸ ಮಾಡು. ನಿನ್ನ ಮೂಲೆಗೆ ಅಮ್ಮನ ಹಳೆಯ ಸೀರೆಯೊಂದನ್ನು ಪರದೆ ಕಟ್ಟು. ಮಧ್ಯಾಹ್ನದವರೆಗೆ ಯಾರೂ ಬರಬಾರದು ಎಂದು ಗೆಳತಿಯರಿಗೆ ನೇರವಾಗಿ ಹೇಳು, ಬೇಸರಿಸುವುದಿಲ್ಲ. ಸಂಜೆ ಪರದೆ ಸರಿಸಿ ನೀನೇ ಕರೆ. ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸುವುದಲ್ಲ, ಬಂದು ನಿಂತು ನೋಡಬೇಕು. ಮೂರು ತಿಂಗಳು ಹೀಗೆ ನಡೆಸಿ ನೋಡು. ಆಮೇಲೂ ಬೇಡವೆನಿಸಿದರೆ ಕೋಣೆಯ ಮುಂಗಡ ನಾನು ಕೊಡುತ್ತೇನೆ.

ಪಕ್ಕದ ಮನೆಯ ಮಾವ ಬುಧವಾರ ಬೆಂಗಳೂರಿಗೆ ಬರುತ್ತಾರೆ. ಅವರ ಕೈಯಲ್ಲಿ ಮೂರು ಪೊಟ್ಟಣ ಕಳುಹಿಸುತ್ತೇನೆ: ಕೆಂಪು, ಹಳದಿ, ಸೇಡಿ. ಹಳದಿ ಗೋಂದನ್ನು ಹೆಚ್ಚು ಹೀರುತ್ತದೆ, ಕೆಂಪಿಗೆ ಹಾಕಿದಷ್ಟೇ ಹಾಕಿದರೆ ಒಣಗಿದ ಮೇಲೆ ಕೈಗೆ ಅಂಟಿ ಬರುತ್ತದೆ. ಪೊಟ್ಟಣಗಳ ಜೊತೆ ಒಂದು ಸುರುಳಿಯೂ ಇರುತ್ತದೆ. ಆ ಹನ್ನೊಂದರಲ್ಲಿ ಉಳಿಸಿಕೊಂಡ ಒಂದೇ ಚಿತ್ರ, ಬಾವಿಕಟ್ಟೆಯದು. ನಿನ್ನ ಗೆಳತಿಯರಿಗೂ ತೋರಿಸು. ಅವರು ಏನು ಹೇಳಿದರೆಂದು ನನಗೆ ಬರೆ.

ಇತಿ,
ನಿನ್ನ ಅಪ್ಪ