ಗೀಗೀ ಪದಗಳ ಧಾಟಿಯನ್ನೂ ಬರೆದಿಡಿ

ಮಾನ್ಯ ಸಂಪಾದಕರೇ,

ಕಿತ್ತೂರು ಉತ್ಸವದ ತಯಾರಿ ಶುರುವಾಗುವ ಹೊತ್ತಿದು. ಅದರಲ್ಲಿ ಗೀಗೀ ಪದಗಳ ಧಾಟಿಯನ್ನು ಸ್ವರ ಹಾಕಿ ಬರೆದಿಡುವ ಕೆಲಸವೂ ಸೇರಲಿ ಅಂತ ಈ ಪತ್ರ. ಅದಕ್ಕೆ ಮೊದಲು ಇಂಗ್ಲೆಂಡಿನ ಒಂದು ಕುಣಿತದ ಮಟ್ಟಿನ ಬಗ್ಗೆ ಹೇಳಬೇಕು.

ನಾನು ಟಿಳಕವಾಡಿಯಲ್ಲಿ ಮಕ್ಕಳಿಗೆ ವಾಯೊಲಿನ್ ಕಲಿಸುತ್ತೇನೆ. ಕೈ ಚುರುಕಾಗಲಿ ಅಂತ ಇಂಗ್ಲೆಂಡಿನ ಹಳ್ಳಿ ಕುಣಿತದ ಮಟ್ಟುಗಳನ್ನೂ ನುಡಿಸಲು ಕೊಡುತ್ತೇನೆ. ಅದರಲ್ಲೊಂದು 'ಬ್ಯಾಟಲ್ ಆಫ್ ದ ನೈಲ್'. 1798ರ ಆಗಸ್ಟ್ 1ರ ಸಂಜೆ ಈಜಿಪ್ಟಿನ ಅಬುಕಿರ್ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಫ್ರೆಂಚ್ ಹಡಗುಗಳ ಮೇಲೆ ಇಂಗ್ಲಿಷ್ ನೌಕಾಪಡೆಯ ದಂಡನಾಯಕ ನೆಲ್ಸನ್ ಎರಗಿದ. ಅವನ ಕೆಲವು ಹಡಗುಗಳು ಯಾರೂ ಎಣಿಸದಿದ್ದ ದಡದ ಕಡೆಯಿಂದಲೇ ನುಗ್ಗಿದವು. ಫ್ರೆಂಚರ 13 ದೊಡ್ಡ ಯುದ್ಧನೌಕೆಗಳಲ್ಲಿ 11 ಸೆರೆಯಾದವು ಇಲ್ಲವೇ ನಾಶವಾದವು. ಅವರ ಮುಖ್ಯ ಹಡಗು ರಾತ್ರಿ ಸಿಡಿದೇ ಹೋಯಿತು.

ಆ ಗೆಲುವನ್ನು ಇಂಗ್ಲೆಂಡಿನ ಜನ ಕುಣಿದು ಮೆರೆಸಿದರು. ಗಂಡಸರದೊಂದು ಸಾಲು, ಎದುರಿಗೆ ಹೆಂಗಸರದೊಂದು ಸಾಲು. ಜೋಡಿಗಳು ಜಾಗ ಬದಲಿಸುತ್ತ ಸಾಲಿನುದ್ದಕ್ಕೂ ಸಾಗುತ್ತವೆ. ಲಂಡನ್ನಿನ ಪ್ರಕಾಶಕರು ವರ್ಷಕ್ಕೆ 24 ಕುಣಿತಗಳಂತೆ ಚಿಕ್ಕ ಪುಸ್ತಕ ಅಚ್ಚು ಹಾಕುತ್ತಿದ್ದ ಕಾಲ ಅದು. ಮೇಲೆ ಸ್ವರ, ಕೆಳಗೆ ಹೆಜ್ಜೆಯ ವಿವರ. ಹಳ್ಳಿಯ ಪಿಟೀಲುಗಾರರೂ ತಮ್ಮ ವಹಿಗಳಲ್ಲಿ ಮಟ್ಟು ಬರೆದಿಟ್ಟುಕೊಳ್ಳುತ್ತಿದ್ದರು. ಅದಕ್ಕೇ ಇವತ್ತು ಬೆಳಗಾವಿಯ ಹುಡುಗಿಯೊಬ್ಬಳು ಕಾಗದ ನೋಡಿ ಅಂಥ ಮಟ್ಟು ನುಡಿಸಬಲ್ಲಳು.

ಆ ಯುದ್ಧ ನಮಗೆ ಸಂಬಂಧವಿಲ್ಲದ್ದೂ ಅಲ್ಲ. ನೆಲ್ಸನ್ ಗೆದ್ದ ಸುದ್ದಿಯನ್ನು ಒಬ್ಬ ಅಧಿಕಾರಿಯ ಕೈಲಿ ಮುಂಬೈಗೂ ಕಳಿಸಿದ. ಈಸ್ಟ್ ಇಂಡಿಯಾ ಕಂಪನಿ ನೆಲ್ಸನ್ನನಿಗೆ 10,000 ಪೌಂಡ್ ಇನಾಮು ಕೊಟ್ಟಿತು. ಟಿಪ್ಪುವಿಗೆ ಫ್ರೆಂಚರ ನೆರವು ಬರುವ ಆಸೆ ಕಮರಿತು. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಮಕ್ಕಳಿಗೆ ಇದಿಷ್ಟನ್ನೂ ಹೇಳಿಯೇ ಆ ಮಟ್ಟು ಕಲಿಸುತ್ತೇನೆ. ಹೇಳುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಗೆಲುವೂ ಇದೆಯಲ್ವಾ? 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತ, ಕಂಪನಿಯ ದಂಡು ಸೋತಿತು. ಚೆನ್ನಮ್ಮನ ಮೇಲೆ, ರಾಯಣ್ಣನ ಮೇಲೆ ನಮ್ಮ ಮೇಳಗಳು ಎಷ್ಟು ಪದ ಕಟ್ಟಿವೆ! ದಪ್ಪು, ತುಂತುಣಿ, ತಾಳ ಸೇರಿ ಹಿಮ್ಮೇಳದವರು 'ಗೀಯ ಗೀಯ' ಅಂತ ಎತ್ತಿಕೊಂಡರೆ ಕೂತವರ ಮೈ ಜುಮ್ಮೆನ್ನುತ್ತದೆ. ಅದೇ ಪದ ಪುಸ್ತಕಕ್ಕೆ ಬಂದಾಗ ಸಾಹಿತ್ಯ ಮಾತ್ರ ಉಳಿಯುತ್ತದೆ. ಹತ್ತನೇ ತರಗತಿಯ ಪಾಠದಲ್ಲಿ ಬಂದ ಹಲಗಲಿ ಬೇಡರ ಲಾವಣಿಯನ್ನೇ ನೋಡಿ. ಅದು ಹಾಡಲೆಂದೇ ಹುಟ್ಟಿದ್ದು. ಧಾಟಿ ಗೊತ್ತಿಲ್ಲದ ಮಕ್ಕಳು ಸುಮ್ನೆ ಓದಿ, ಪ್ರಶ್ನೆಗೆ ಉತ್ತರ ಬರೆದು ಮುಗಿಸುತ್ತಾರೆ.

ಮೊಬೈಲಿನಲ್ಲಿ ರೆಕಾರ್ಡಿಂಗ್ ಸಿಗುತ್ತದಲ್ಲ ಅನ್ನಬಹುದು. ಸಿಗುತ್ತದೆ, ಅದೂ ಬೇಕು. ಆದರೆ ಗದ್ದಲದ ನಡುವೆ ಹಿಡಿದ ಹಾಡಿನಲ್ಲಿ ಸಮ, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿ ಬಿತ್ತು, ದಪ್ಪಿನ ಪೆಟ್ಟು ಎಲ್ಲಿ ತಿರುಗಿತು ಅನ್ನೋದು ಹೊಸಬರಿಗೆ ತಿಳಿಯುವುದಿಲ್ಲ. ಬರೆದು ತೋರಿಸಬೇಕು. ಹಿಂದೂಸ್ತಾನಿ ಸಂಗೀತವನ್ನು ಬರೆದಿಡುವ ಭಾತಖಂಡೆ ಸ್ವರಲಿಪಿ ಬಲ್ಲವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ಈ ಸಲ ಉತ್ಸವಕ್ಕೆ ಬರುವ ಹಿರಿಯ ಹಾಡುಗಾರರನ್ನು ಒಂದು ದಿನ ಜಾಸ್ತಿ ಉಳಿಸಿಕೊಳ್ಳಿ. ಆ ದಿನದ ಸಂಭಾವನೆಯನ್ನೂ ಕೊಡಿ. ಅವರು ನಿಧಾನವಾಗಿ ಹಾಡಲಿ, ಬಲ್ಲವರು ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ. ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಅದನ್ನು ಅಚ್ಚು ಹಾಕಿಸಿ ಶಾಲೆಗಳಿಗೆ ಹಂಚಲಿ. ಬರೆದುಕೊಳ್ಳಲು ಕರೆದರೆ ನಾನು ಬಿಡಿಗಾಸೂ ಕೇಳದೆ ಬರುತ್ತೇನೆ.

– ಒಬ್ಬ ವಾಯೊಲಿನ್ ಶಿಕ್ಷಕ, ಟಿಳಕವಾಡಿ, ಬೆಳಗಾವಿ