ಗೆಳೆಯನಿಗೊಂದು ಪತ್ರ: ಮರಿ ಸರ್ಪದ ವಿಷಯ

ಪ್ರೀತಿಯ ಬೊಂಡ,

ನಿನ್ನ ವಾಯ್ಸ್ ಮೆಸೇಜಿಗೆ ಉತ್ತರ ಕೊಡದೆ ಎರಡು ತಿಂಗಳಾಯಿತು. "ಬದುಕಿದ್ದೀಯಾ, ಇಲ್ಲ ನಿನ್ನ ತಿಥಿ-ಬೊಜ್ಜಕ್ಕೆ ಟಿಕೆಟ್ ಮಾಡ್ಬೇಕಾ?" ಎಂದು ಕೇಳಿದ್ದೆಯಲ್ಲ. ಬದುಕಿದ್ದೇನೆ ಮಾರಾಯ. ಟಿಕೆಟ್ ಮಾಡಬೇಡ, ಆ ದುಡ್ಡಲ್ಲಿ ನಿನ್ನ ಹಳೆಯ ಗಡ್‌ಬಡ್ ಐಸ್‌ಕ್ರೀಮಿನ ಸಾಲ ತೀರಿಸು. ಇಲ್ಲಿ ಮಂಗಳೂರಲ್ಲಿ ಮಳೆ. ಪಂಪ್‌ವೆಲ್‌ನಲ್ಲಿ ಎಂದಿನಂತೆ ನೀರು ನಿಂತಿದೆ. ದುಬೈಯಲ್ಲಿ ಕೂತು ನೀನು ಇದಕ್ಕೂ ಹೊಟ್ಟೆ ಉರಿದುಕೊಳ್ಳುತ್ತೀ ಎಂದು ಗೊತ್ತು.

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ಎದುರಿಗೆ ನಾಲ್ಕು ಜನ ಇದ್ದರೆ ನಾನು ಸ್ವಲ್ಪ ನಗಿಸಿ ಮಾತಾಡುತ್ತೇನೆ. ನೀನೊಬ್ಬನೇ ಇದ್ದರೆ ಅಳುವ ಅಪಾಯ ಉಂಟು. ಈ ಹೆಸರಿನಲ್ಲಿ ಬರೆಯುವುದು ನಾನೇ ಎಂದು ಊರಲ್ಲಿ ಗೊತ್ತಿರುವುದು ಜೆರಾಕ್ಸ್ ಅಂಗಡಿಯ ಅಣ್ಣನಿಗೆ ಮಾತ್ರ. ಅವನು ಯಾರ ಹತ್ರವೂ ಬಾಯಿ ಬಿಡುವುದಿಲ್ಲ. ಯಾಕೆ ಎಂದು ನಿನಗೆ ಗೊತ್ತು.

ಜೂನ್ ಕೊನೆಯ ವಾರ. ಸೊಂಟದ ಕೆಳಗೆ, ಹೇಳಬಾರದ ಜಾಗದಲ್ಲಿ ನಾಲ್ಕು ಗುಳ್ಳೆ ಎದ್ದವು. ಸಾಸಿವೆಗಿಂತ ತುಸು ದೊಡ್ಡವು, ಒಳಗೆ ನೀರು. ಒಣಗದ ಚಡ್ಡಿಯ ಮಹಿಮೆ ಅಂದುಕೊಂಡು ಪೌಡರ್ ಹಾಕಿದೆ. ಮೂರನೇ ದಿನ ಒಡೆದು ಹುಣ್ಣಾಯಿತು. ಬೈಕಿನಲ್ಲಿ ಕೂತರೆ ಪ್ರಾಣ ಹೋಗುತ್ತಿತ್ತು. ಆಫೀಸಿಗೆ ಬಸ್ಸಿನಲ್ಲಿ ಹೋದೆ, ಸೀಟಿದ್ದರೂ ನಿಂತುಕೊಂಡು. ಕಂಡಕ್ಟರ್ "ಪಿರ ಪೋಲೆ, ಪಿರ ಪೋಲೆ" ಎಂದು ಹಿಂದಕ್ಕೆ ದೂಡುವಾಗ ಯಾವ ದೇವರನ್ನೆಲ್ಲ ನೆನೆದೆ ಅಂತ ಕೇಳಬೇಡ.

ಚರ್ಮದ ಡಾಕ್ಟರ ಬೋರ್ಡು ನೋಡಿದ್ದೀಯಲ್ಲ, "ಚರ್ಮ, ಲೈಂಗಿಕ ಮತ್ತು ಕುಷ್ಠ ರೋಗ ತಜ್ಞರು". ಕಾಯುವ ಕೋಣೆಯಲ್ಲಿ ಎಲ್ಲರೂ ಎಲ್ಲರನ್ನೂ ಅಳೆಯುತ್ತಾರೆ, ಈ ಮೂರರಲ್ಲಿ ಇವನದ್ದು ಯಾವುದು ಎಂದು. ನನ್ನ ಗ್ರಹಚಾರಕ್ಕೆ ಪಕ್ಕದಲ್ಲಿ ಕೂತವರು ಅಮ್ಮನ ಭಜನಾ ಮಂಡಳಿಯ ಆಂಟಿ. "ಎಂತ ನೀನು ಇಲ್ಲಿ?" "ಕೂದಲು ಉದುರ್ತದೆ ಆಂಟಿ." ಅವರು ನನ್ನ ಮಂಡೆ ನೋಡಿ, "ಹೌದು, ಕಾಣ್ತದೆ" ಎಂದರು. ಆ ದಿನ ನನಗೆ ಸಿಕ್ಕ ಮೊದಲ ಡಯಾಗ್ನೋಸಿಸ್ ಅದು. ಈವರೆಗೆ ಯಾರೂ ಅಲ್ಲಗಳೆಯದ ಡಯಾಗ್ನೋಸಿಸ್ ಕೂಡ ಅದೊಂದೇ.

ಡಾಕ್ಟರು ಮೊಬೈಲ್ ಟಾರ್ಚ್ ಹಾಕಿ ಅರ್ಧ ನಿಮಿಷ ನೋಡಿದರು. "ಹರ್ಪಿಸ್." ಲೈಂಗಿಕವಾಗಿ ಅಂಟುವ ವೈರಸ್ಸು ಅದು. ಅಸೈಕ್ಲೋವಿರ್ 400ರ ಮಾತ್ರೆ, ದಿನಕ್ಕೆ ಮೂರು, ಏಳು ದಿನ. "ಮದುವೆ ಆಗಿದೆಯಾ?" ಇಲ್ಲ ಎಂದೆ. "ಹಾಂ" ಎಂದರು. ಅಷ್ಟೇ. ಎಲ್ಲಿಂದ ಬಂತು, ಮುಂದೆ ಎಂತ, ಯಾರಿಗೆ ಹೇಳಬೇಕು, ಯಾವುದೂ ಇಲ್ಲ. ಆ "ಹಾಂ" ಹಿಡಿದುಕೊಂಡು ಮನೆಗೆ ಬಂದೆ.

ಹತ್ತು ದಿನ ಬಿಟ್ಟು ಇನ್ನೊಬ್ಬರ ಹತ್ತಿರ ಹೋದೆ. ಅಷ್ಟರಲ್ಲಿ ಹುಣ್ಣು ಒಣಗಿ ಹಕ್ಕಳೆ ಕಟ್ಟಿತ್ತು. ಇವರು ನಕ್ಕುಬಿಟ್ಟರು. "ಹರ್ಪಿಸ್ ಅಂತ ಯಾರು ಹೇಳಿದ್ದು? ಇದು ಕೂದಲ ಬುಡದ ಸೋಂಕು, ಫಾಲಿಕ್ಯುಲೈಟಿಸ್. ಶೇವ್ ಮಾಡ್ತೀರಲ್ಲ? ನಿಲ್ಲಿಸಿ." ಒಂದು ಮುಲಾಮು ಬರೆದು ಕಳಿಸಿದರು. ಬೊಂಡ, ಆ ಡಾಕ್ಟರ ಕಾಲಿಗೆ ಬೀಳುವಷ್ಟು ಪ್ರೀತಿ ಬಂತು. ಹೋಟೆಲಿಗೆ ಹೋಗಿ ನಾಲ್ಕು ಬನ್ಸ್ ತಿಂದೆ. ಚೀಟಿಯನ್ನು ಪರ್ಸಿನಲ್ಲಿ ಮಡಚಿಟ್ಟೆ, ಪಿಯುಸಿ ಮಾರ್ಕ್ಸ್ ಕಾರ್ಡಿಗೂ ಆ ಮರ್ಯಾದೆ ಸಿಕ್ಕಿರಲಿಲ್ಲ.

ಅಲ್ಲಿಗೇ ಬಿಡಬೇಕಿತ್ತು. ಬಿಡುವ ಜನವಾ ನಾವು? ಸುಮ್ನೆ ಒಂದು ರಕ್ತ ಪರೀಕ್ಷೆ ಮಾಡಿಸಿದೆ. ರಿಪೋರ್ಟ್ ತರಲು ಹೋದಾಗ ಕೌಂಟರಿನ ಹುಡುಗಿ ಕವರುಗಳನ್ನು ಹಿಡಿದುಕೊಂಡು ಕೂಗಿದಳು: "ಶುಗರ್ ಯಾರು? ಥೈರಾಯ್ಡ್ ಯಾರು? ಹರ್ಪಿಸ್ ಯಾರು?" ಶುಗರ್ ಅಜ್ಜ ಎದ್ದರು, ಥೈರಾಯ್ಡ್ ಅಕ್ಕ ಎದ್ದರು. ಹರ್ಪಿಸ್ ಮಾತ್ರ ಫ್ಯಾನ್ ನೋಡುತ್ತಾ ಕೂತಿತ್ತು. ಎಲ್ಲರೂ ಹೋದ ಮೇಲೆ ಎದ್ದು, "ಅದು ನನ್ನ ಫ್ರೆಂಡಿಂದು" ಎಂದೆ. ಹೆಸರು ನಿನ್ನದೇ ಹೇಳಿಬಿಡುತ್ತಿದ್ದೆ, ರಿಪೋರ್ಟಿನಲ್ಲಿ ನನ್ನದು ಬರೆದಿತ್ತು.

ವೈರಸ್ಸಿಗೆ ಎದುರಾಗಿ ಮೈ ಹುಟ್ಟಿಸುವ ಪ್ರತಿಕಾಯಗಳ ಪಟ್ಟಿ ಅದು. ಐಜಿಎಂ ಪಾಸಿಟಿವ್. ಐಜಿಜಿ, ಹರ್ಪಿಸ್ ಟೈಪ್ ಎರಡು, 1.8. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, 1.1ಕ್ಕಿಂತ ಜಾಸ್ತಿ ಇದ್ದರೆ ಪಾಸಿಟಿವ್ ಎಂದು. ಮೂರನೇ ಡಾಕ್ಟರು ನನ್ನ ಮುಖ ಕೂಡ ನೋಡಲಿಲ್ಲ, ಕಾಗದ ನೋಡಿ, "ಇದು ಜೀವಮಾನಪೂರ್ತಿ ಇರ್ತದೆ" ಎಂದರು.

ಈ ನಡುವೆ ಅಮ್ಮನ ಕೈಗೆ ಮಾತ್ರೆಯ ಪಟ್ಟಿ ಸಿಕ್ಕಿತು. ಪ್ಯಾಂಟ್ ಒಗೆಯುವ ಮೊದಲು ಜೇಬು ನೋಡುವ ಅವಳ ಅಭ್ಯಾಸ ನಿನಗೆ ಗೊತ್ತಲ್ಲ, ನಿನ್ನ ಸಿಗರೇಟು ಸಿಕ್ಕಿದ್ದೂ ಹಾಗೆಯೇ. ನಾನು ಬಾಯಿಗೆ ಬಂದದ್ದು ಹೇಳಿದೆ, "ಸರ್ಪಸುತ್ತು." ಅದಕ್ಕೂ ಇದೇ ಮದ್ದು ಎಂದು ಗೂಗಲ್ ಹೇಳಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಬೆಳಕಿಗೆ ಹಿಡಿದಳು. "ಚಿಕ್ಕಮ್ಮನಿಗೆ ಸರ್ಪಸುತ್ತು ಆದಾಗ ಕೊಟ್ಟದ್ದು 800ರ ಮಾತ್ರೆ. ದಿನಕ್ಕೆ ಐದು. ನಿಂಗೆ ಎಂತ 400?"

"ನಂದು ಮರಿ ಸರ್ಪ ಅಮ್ಮ" ಎಂದೆ.

ಅವಳು ನಗಲಿಲ್ಲ. ಮರುದಿನವೇ ಗರಿಕೆ ಅರೆದು ತಂದು "ಎಲ್ಲಿ, ತೋರಿಸು" ಎಂದಳು. ಬೆನ್ನಿನಲ್ಲಿ ಯಾವುದೋ ಸೊಳ್ಳೆ ಕಚ್ಚಿದ ಜಾಗ ತೋರಿಸಿ ಹಚ್ಚಿಸಿಕೊಂಡೆ. ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ ಅಂತಾರಲ್ಲ, ಅದಕ್ಕೆ ದಿನಾ ರಾತ್ರಿ ಅಂಗಿ ಎತ್ತಿಸಿ ಸರ್ಪ ಎಲ್ಲಿವರೆಗೆ ಬಂತು ಎಂದು ನೋಡುತ್ತಿದ್ದಳು. ಮೂಲದ ನಾಗಬನದಲ್ಲಿ ತಂಬಿಲ ಪೂಜೆ ಆಯಿತು, ಎಳನೀರಿನ ಬೊಂಡಾಭಿಷೇಕ ಆಯಿತು (ನಿನ್ನದಲ್ಲ, ಹೆದರಬೇಡ). ಈಗ ಕುಡುಪು ದೇವಸ್ಥಾನದಲ್ಲಿ ಆಶ್ಲೇಷ ಬಲಿ ಪೂಜೆಗೆ ದಿನ ನೋಡುತ್ತಿದ್ದಾಳೆ. ಸುಳ್ಳು ಹೇಳಿದವನು ನಾನು, ಪಾಪ ಆ ನಾಗನಿಗೆ ಇದರಲ್ಲಿ ಎಂತ ಸಂಬಂಧ ಹೇಳು?

ಸಂಬಂಧ ಉಂಟಂತೆ, ಅದೇ ತಮಾಷೆ. ನಿದ್ದೆ ಬಾರದ ರಾತ್ರಿ ಓದಿದೆ. ಹರ್ಪಿಸ್ ಎಂಬ ಹೆಸರು ಗ್ರೀಕ್ ಭಾಷೆಯ "ತೆವಳು" ಎಂಬ ಕ್ರಿಯಾಪದದಿಂದ ಬಂದದ್ದು. ನಮ್ಮ "ಸರ್ಪ"ವೂ ಅದೂ ಒಂದೇ ಬೇರಿನವು. ಸರ್ಪಸುತ್ತಿನ ವೈರಸ್ಸೂ ಇದೂ ಒಂದೇ ಕುಟುಂಬ, ದಾಯಾದಿಗಳು. ಎರಡೂ ಗುಳ್ಳೆ ವಾಸಿಯಾದ ಮೇಲೆ ಮೈ ಬಿಟ್ಟು ಹೋಗುವುದಿಲ್ಲ, ನರದ ಬುಡದಲ್ಲಿ ಹುತ್ತ ಮಾಡಿಕೊಂಡು ಮಲಗುತ್ತವೆ. ನನ್ನದಾದರೆ ಬೆನ್ನೆಲುಬಿನ ಕೆಳತುದಿಯಲ್ಲಿ. ಹಾಗಾಗಿ ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಎಂದು ರಾತ್ರಿ ಎರಡು ಗಂಟೆಗೆ ಅನಿಸಿತ್ತು. ಬೆಳಿಗ್ಗೆ ಅನಿಸಲಿಲ್ಲ.

ಕೊನೆಗೆ ಹೋದದ್ದು ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿಗೆ. ಲೈಂಗಿಕ ಸೋಂಕಿಗೆ ಬಿಟ್ಟಿ ಮದ್ದು ಕೊಡುವ ಜಾಗ, ಒಂದೊಂದು ತೊಂದರೆಗೆ ಒಂದೊಂದು ಬಣ್ಣದ ಕಿಟ್. ಹರ್ಪಿಸಿನ ಹುಣ್ಣಿಗೆ ಕೆಂಪು. ನನಗೆ ಕಿಟ್ ಕೊಡಲಿಲ್ಲ, ಕುರ್ಚಿ ಕೊಟ್ಟರು. ಅಲ್ಲಿದ್ದ ಕೌನ್ಸೆಲರ್ ಅಕ್ಕ ನನ್ನ ಫೈಲನ್ನು ಮೇಜಿನ ಮೇಲೆ ಹರಡಿದರು. ಮೂರು ಡಾಕ್ಟರು, ಮೂರು ಕೈಬರಹ. ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ, ಯಾಕೆಂದರೆ ಓದುತ್ತಿರುವ ಬೇರೆ ಯಾವನಾದರೂ ಫ್ಯಾನ್ ನೋಡುತ್ತಾ ಕೂತಿರಬಹುದು.

ಗುಳ್ಳೆ ಹೊಸದಾಗಿ ಎದ್ದಾಗಲೇ ಅದರ ನೀರನ್ನು ಹತ್ತಿಕಡ್ಡಿಯಲ್ಲಿ ಒರೆಸಿ, ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿದ್ದರೆ ವಿಷಯ ಅಲ್ಲೇ ಮುಗಿಯುತ್ತಿತ್ತು. ಯಾರೂ ಮಾಡಿಸಲಿಲ್ಲ. ಹಕ್ಕಳೆ ಕಟ್ಟಿದ ಮೇಲೆ ಒರೆಸಿ ನೆಗೆಟಿವ್ ಬಂದರೂ ಅದನ್ನು ನಂಬಿ ಕೂರುವ ಹಾಗಿಲ್ಲ. ಐಜಿಎಂ ಅಂತೂ ಈ ಕೆಲಸಕ್ಕೆ ನಂಬಿಕೆಯ ಪರೀಕ್ಷೆಯೇ ಅಲ್ಲ, ಹಳೆಯ ಸೋಂಕು ಮರುಕಳಿಸಿದರೂ ಪಾಸಿಟಿವ್ ತೋರಿಸಬಹುದು, ಬೇರೆ ಯಾವುದನ್ನೋ ಕಂಡು ಬೆಚ್ಚಬಹುದು. ಐಜಿಜಿ ಅದಕ್ಕಿಂತ ವಾಸಿ. ಆದರೆ ಟೈಪ್ ಎರಡರಲ್ಲಿ 1.1ರಿಂದ 3ರ ಒಳಗೆ ಬಂದ ಪಾಸಿಟಿವ್ ಎಷ್ಟೋ ಸಲ ಸುಳ್ಳಾಗಿರುತ್ತದೆ, ಬೇರೆ ವಿಧಾನದ ಇನ್ನೊಂದು ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳಬೇಕು. ಸೋಂಕು ಹೊಸದಾದರೆ ರಕ್ತದಲ್ಲಿ ಸರಿಯಾಗಿ ಕಾಣಲು ಹನ್ನೆರಡು ವಾರವೂ ಬೇಕಾಗಬಹುದು. ಒಟ್ಟಿನಲ್ಲಿ ನನ್ನ 1.8 ಪಾಸೂ ಅಲ್ಲ ಫೇಲೂ ಅಲ್ಲ, ಸಪ್ಲಿಮೆಂಟರಿ. ಸೆಪ್ಟೆಂಬರ್ ಕೊನೆಗೆ ಮತ್ತೆ ರಕ್ತ ಕೊಡಬೇಕು. ಮತ್ತೆ ಗುಳ್ಳೆ ಎದ್ದರೆ ಅದೇ ದಿನ ಓಡಿ ಬರಬೇಕು.

"ಬಂದರೂ ದೊಡ್ಡ ಸಂಗತಿ ಏನಲ್ಲ" ಎಂದರು ಅಕ್ಕ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಲೆಕ್ಕದಲ್ಲಿ 15ರಿಂದ 49ರ ವಯಸ್ಸಿನವರಲ್ಲಿ ಟೈಪ್ ಎರಡು ಇರುವವರು 52 ಕೋಟಿ. ಐವತ್ತರ ಒಳಗಿನವರಲ್ಲಿ ಟೈಪ್ ಒಂದು ಇರುವವರು 380 ಕೋಟಿ, ನೂರಕ್ಕೆ 64 ಜನ. ಜ್ವರ ಬಂದಾಗ ನಿನ್ನ ತುಟಿಯಲ್ಲಿ ಏಳುತ್ತಿದ್ದ ಗುಳ್ಳೆ, ರಾತ್ರಿ ಹುಳ ಹರಿದಾಡಿದೆ ಎಂದು ನಿನ್ನ ಅಜ್ಜಿ ಹೇಳುತ್ತಿದ್ದರಲ್ಲ, ಹೆಚ್ಚಿನಂಶ ಅದೂ ಈ ಟೈಪ್ ಒಂದೇ. ಸುಸ್ವಾಗತ.

ಆಮೇಲೆ ಅಕ್ಕ ಒಂದು ಮಾತು ಹೇಳಿದರು. ಹೆಚ್ಚಿನವರಿಗೆ ಇದು ಇರುವುದೇ ಗೊತ್ತಿರುವುದಿಲ್ಲ, ಮೊದಲ ಗುಳ್ಳೆ ವರ್ಷಗಟ್ಟಲೆ ಬಿಟ್ಟೂ ಏಳಬಹುದು, ಯಾರಿಂದ ಬಂತು ಅಂತ ಹುಡುಕಲು ಹೋಗಬೇಡಿ. "ಈಗ ಜೊತೆಗಿರುವವರಿಗೆ ಹೇಳಿದ್ದೀರಾ?"

ಇಲ್ಲಿಯವರೆಗೆ ಬರೆಯಬೇಕು ಅಂದುಕೊಂಡದ್ದು. ಇನ್ನು ಮುಂದಿನದ್ದು ಬರೆಯುವುದಿಲ್ಲ ಅಂದುಕೊಂಡಿದ್ದೆ.

ಮೊದಲ ಡಾಕ್ಟರು "ಹರ್ಪಿಸ್" ಅಂದ ದಿನ ನನ್ನ ತಲೆಗೆ ಮೊದಲು ಬಂದದ್ದು ಅವಳು. ಇವಳಿಂದಲೇ ಎಂದು. ಉಡುಪಿಯಲ್ಲಿ ರೂಮು ಮಾಡಿಕೊಂಡಿದ್ದಾಳೆ, ನೈಟ್ ಶಿಫ್ಟ್ ಬೇರೆ, ಹೀಗೆ ಲೆಕ್ಕ ಹಾಕಿದೆ. ಅವಳು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದೆ. ಹೌದು ಬೊಂಡ, ನೋಡಿದೆ. ಅವಳ ತಮ್ಮನ ಫೀಸಿನ ಲೆಕ್ಕ, ಮೀನಿನ ಗಾಡಿಯವನ ನಂಬರ್, ನನಗೆ ಕಳಿಸದೆ ಅಳಿಸದೆ ಉಳಿಸಿದ್ದ ಒಂದು ಮೆಸೇಜ್, "ನೀನು ಯಾಕೆ ಮಾತಾಡ್ತಿಲ್ಲ?" ಇಷ್ಟೇ ಸಿಕ್ಕಿದ್ದು. ಗೋವಾ ನನ್ನ ತಲೆಗೆ ಬರಲೇ ಇಲ್ಲ. ನಾವು ಆಣೆ ಹಾಕಿಕೊಂಡು ಮರೆತ ಆ ಗೋವಾ. ಅವಳ ಪರಿಚಯಕ್ಕೂ ಎರಡು ವರ್ಷ ಮೊದಲಿನದ್ದು. ಕೌನ್ಸೆಲರ್ ಅಕ್ಕ "ವರ್ಷಗಟ್ಟಲೆ" ಎಂದಾಗ ಒಮ್ಮೆಲೇ ನೆನಪಾಯಿತು. ಅಲ್ಲಿಂದಲೇ ಬಂತು ಎಂದು ಹೇಳುತ್ತಿಲ್ಲ. ಬಂದಿರಬಹುದಾದ ಜಾಗಗಳ ಪಟ್ಟಿಯಲ್ಲಿ ನನ್ನ ಹೆಸರನ್ನೇ ನಾನು ಬರೆದುಕೊಂಡಿರಲಿಲ್ಲ.

ಅವಳಿಗೆ ಎಂತ ತೋರಿಸಿದೆ ಗೊತ್ತಾ? ಎರಡನೇ ಡಾಕ್ಟರ ಚೀಟಿ. ಕೂದಲ ಬುಡದ ಸೋಂಕು. ಅದನ್ನು ತೋರಿಸುವಾಗ ಲ್ಯಾಬ್ ರಿಪೋರ್ಟ್ ಬೈಕಿನ ಸೀಟಿನ ಕೆಳಗಿತ್ತು. ಒಂದೊಂದು ಚೀಟಿಯಲ್ಲಿ ಒಂದೊಂದು ಬರೆದಿರುವುದು ಎಷ್ಟು ಅನುಕೂಲ ನೋಡು, ಬೇಕಾದವರಿಗೆ ಬೇಕಾದ್ದು ತೋರಿಸಬಹುದು. ಅಮ್ಮನಿಗೆ ಸರ್ಪ, ಅವಳಿಗೆ ಶೇವಿಂಗ್. ಮೂವರು ಡಾಕ್ಟರೂ ಒಂದೇ ಹೇಳಿದ್ದರೆ ನನಗೆ ಅಡಗಲು ಜಾಗವೇ ಇರುತ್ತಿರಲಿಲ್ಲ. ಇವರಿಗೆಲ್ಲ ಬೈದುಕೊಂಡು ತಿರುಗಿದೆನಲ್ಲ, ಒಳಗೊಳಗೆ ಆ ಗೊಂದಲ ನನಗೆ ಬೇಕಾಗಿತ್ತು.

ಅವಳು ಚೀಟಿ ಓದಿ ನಕ್ಕಳು. ಆಮೇಲೆ ಮಲ್ಪೆ ಬೀಚಿನಲ್ಲಿ ಚುರುಮುರಿ ತಿನ್ನುತ್ತಾ, ಏನೋ ನೆನಪಾದವಳ ಹಾಗೆ, "ಕಳೆದ ವರ್ಷ ನಂಗೂ ಹಾಗೇ ಉರಿ ಬಂದಿತ್ತು ಗೊತ್ತುಂಟಾ, ಯೂರಿನ್ ಇನ್‌ಫೆಕ್ಷನ್ ಅಂತ ಮದ್ದು ಕೊಟ್ರು" ಎಂದಳು. ನಾನು ಎಂತ ಹೇಳಲಿ? "ಜಾಸ್ತಿ ನೀರು ಕುಡಿ" ಎಂದೆ. ಚುರುಮುರಿಯ ಕಾಗದವನ್ನು ಅವಳು ಸಣ್ಣಗೆ ಸಣ್ಣಗೆ ಮಡಚಿ ನನ್ನ ಜೇಬಿಗೆ ಹಾಕಿದಳು, ಬೀಚಿನಲ್ಲಿ ಕಸ ಬಿಸಾಡುವುದಿಲ್ಲ ಅವಳು. ಅದು ಇನ್ನೂ ಅಲ್ಲೇ ಉಂಟು. ಅದೇ ಪ್ಯಾಂಟ್. ಅಮ್ಮನಿಗೆ ಒಗೆಯಲು ಕೊಡಲಿಲ್ಲ.

ಸರಿ, ಸಾಕು. ವಯಲಿನ್ ನಿಲ್ಲಿಸುತ್ತೇನೆ. ನೀನು ಅಲ್ಲಿ ಎಸಿ ಹಾಕಿಕೊಂಡು ಇದನ್ನು ಓದಿ, ಇಡೀ ರೂಮಿಗೆ ಗಟ್ಟಿಯಾಗಿ ಓದಿ ಹೇಳಿ, ಎಲ್ಲರೂ ನಕ್ಕು ಆಗಿರುತ್ತದೆ. ನಗಿ. ಆಮೇಲೆ ಒಬ್ಬೊಬ್ಬರೇ ಬಾತ್‌ರೂಮಿಗೆ ಹೋಗಿ ಲೈಟ್ ಹಾಕಿ ನೋಡಿಕೊಳ್ಳುತ್ತೀರಿ, ಅದೂ ನನಗೆ ಗೊತ್ತು. ಬೊಂಡನಿಗೆ ಹೇಳುವ ನೆಪದಲ್ಲಿ ಲೋಕಕ್ಕೆಲ್ಲ ಹೇಳಿ ಆಯಿತು, ಹೇಳಬೇಕಾದ ಒಬ್ಬಳನ್ನು ಬಿಟ್ಟು. ಇದಕ್ಕೆ ಯಾವ ಬಣ್ಣದ ಕಿಟ್ ಕೊಡುತ್ತಾರೋ.

ಭಾನುವಾರ ಉಡುಪಿಗೆ ಹೋಗುತ್ತಿದ್ದೇನೆ. ಎಲ್ಲ ಚೀಟಿ, ರಿಪೋರ್ಟು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. ಬೈಕ್ ಬೇಡ, ಮಳೆ ಉಂಟು. ಬಸ್ಸು ತಪ್ಪಿತು ಎಂದು ನೆಪ ಹೇಳಿ ಉಳಿಯೋಣ ಅಂದರೆ, ಹಾಳಾದ್ದು ಆ ಎಕ್ಸ್‌ಪ್ರೆಸ್‌ಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ.

ನಿನ್ನ
ಮರಿ ಸರ್ಪ

(ತಾ.ಕ.: ಆಶ್ಲೇಷ ಬಲಿಗೆ ಅಮ್ಮ ನಿನ್ನ ನಕ್ಷತ್ರವನ್ನೂ ಕೇಳಿದ್ದಾಳೆ. ಅವಳಿಗೆ ಎಂತ ಸಂಶಯವೋ ಗೊತ್ತಿಲ್ಲ. ಕಳಿಸಿಬಿಡು.)